ವಾಯವ್ಯ ಮೂಲೆಯ ಕೋಣೆ

ನನ್ನ ಹೆಂಡತಿ ಮತ್ತು ಮಗಳು ಜಗಳ ಆಡುತ್ತಿದ್ದಷ್ಟು ಕಾಲ ಮನೆಯ ಹಿಂಭಾಗದ ನನ್ನ ಕೋಣೆಗೆ ಯಾವ ಅಪಾಯವೂ ಇರಲಿಲ್ಲ. ಅವರು ರಾಜಿಯಾದರು. ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ಕೋಣೆ ಅಂದರೆ ಅರಮನೆಯಲ್ಲ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆಗಳು ಸಿಗುತ್ತವೆ. ನಾನು ಲಿಫ್ಟ್ ರಿಪೇರಿ ಮಾಡುವವನು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟರೆ ಕಂಪನಿಯವರು ಬಂದು ನೋಡಿ, ಈ ಕಂಟ್ರೋಲ್ ಬೋರ್ಡು ಈಗ ಬರುವುದಿಲ್ಲ, ಇಡೀ ಲಿಫ್ಟೇ ಹೊಸದು ಹಾಕಿಸಿ ಎಂದು ಹೇಳಿ ಹೋಗುತ್ತಾರೆ. ಆಮೇಲೆ ಆ ಕಟ್ಟಡದವರು ನನಗೆ ಫೋನ್ ಮಾಡುತ್ತಾರೆ. ನಾನು ಬೋರ್ಡು ಬಿಚ್ಚಿ ಮನೆಗೆ ತಂದು ಹಿಂದಿನ ಕೋಣೆಯ ಮೇಜಿನ ಮೇಲೆ ಇಡುತ್ತೇನೆ. ಸತ್ತ ಲಿಫ್ಟುಗಳಿಂದ ಬಿಚ್ಚಿ ತಂದ ಸಾಮಾನು ಸುತ್ತ ಇರುತ್ತದೆ. ಅದರಲ್ಲಿ ಹೊಂದುವಂಥದ್ದು ಹುಡುಕಿ ಕೂರಿಸುತ್ತೇನೆ. ಮೇಲಿನ ಮಹಡಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಮುದುಕಿಯರು ಮತ್ತೆ ಕೆಳಗಿಳಿದು ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಾರೆ. ಆ ಮೇಜು ಇಲ್ಲದಿದ್ದರೆ ನನ್ನ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ನಾನು ಮನೆಯಲ್ಲಿ ಕೂತಿರುತ್ತೇನೆ. ಅದು ಯಾರಿಗೂ ಒಳ್ಳೆಯದಲ್ಲ. ನನ್ನ ಸಿಟ್ಟಿನ ವಿಷಯ ಇಡೀ ಕಟ್ಟಡಕ್ಕೆ ಗೊತ್ತಿದೆ.

ಹೆಂಡತಿಗೆ ಫೆಂಗ್ ಶುಯಿ ಎಂಬ ಚೀನೀ ವಾಸ್ತುವಿನ ಹುಚ್ಚು ಹಿಡಿಸಿದವನು ಅವಳ ತಮ್ಮ. ಅವನಿಗೆ ಪರದೆ ಅಂಗಡಿ ಇದೆ, ಆದ್ದರಿಂದ ನಾನು ಅವನನ್ನು ಪರದೆ ಎಂದೇ ಕರೆಯುವುದು. ಕಿಟಕಿ ಅಳೆಯಲು ಜನರ ಮನೆಗೆ ಹೋಗಿ ಹೋಗಿ, ಕಿಟಕಿಯ ಜೊತೆ ಮನೆಯನ್ನೂ ಸರಿಮಾಡಿಬಿಡೋಣ ಎಂದು ಅವನಿಗೆ ಅನ್ನಿಸಿತು. ಎಲ್ಲೋ ಒಂದು ತರಬೇತಿಗೆ ಹೋಗಿಬಂದ. ಬಂದವನು ಮೊದಲು ಮಾಡಿದ ಕೆಲಸ ನಮ್ಮ ಕಕ್ಕಸಿನ ಮುಚ್ಚಳ ಮುಚ್ಚಿದ್ದು. ಅದು ತೆರೆದಿದ್ದರೆ ಮನೆಯ ಸಂಪತ್ತು ಅದರೊಳಗೆ ಹರಿದುಹೋಗುತ್ತದಂತೆ. ನಮ್ಮ ಸಂಪತ್ತಿಗೆ ಅಷ್ಟು ದೂರ ಹೋಗುವ ತ್ರಾಣ ಇಲ್ಲ ಮಾರಾಯ ಎಂದೆ. ಅವನು ನಗಲಿಲ್ಲ. ಮುಚ್ಚಳಕ್ಕೆ ಕೆಂಪು ರಿಬ್ಬನ್ ಕಟ್ಟಿದ.

ನನ್ನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ದಿನವಿಡೀ ಯಂತ್ರಗಳ ಗದ್ದಲದಲ್ಲಿ ನಿಂತು ಬರುವ ಅವಳಿಗೆ ವರ್ಷಗಳಿಂದ ಸರಿಯಾಗಿ ನಿದ್ದೆ ಇಲ್ಲ. ಕೆಟ್ಟುಹೋದ ವಸ್ತುಗಳು ಮನೆಯಲ್ಲಿದ್ದರೆ ಶಕ್ತಿ ಹರಿಯದೆ ನಿಲ್ಲುತ್ತದೆ ಎಂದು ತಮ್ಮ ಹೇಳಿದ ಕೂಡಲೇ ಅವಳು ನನ್ನ ಕೋಣೆಯ ಕಡೆ ನೋಡಿದಳು. ಅಲ್ಲಿ ಕೆಡದೆ ಇರುವುದು ಗೋಡೆ ಮಾತ್ರ.

ಆದರೆ ಮಗಳು ಬಿಡಲಿಲ್ಲ. ಅವಳು ಊರಿನ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಪರಿಸರ ಅವಳ ಜೀವ. ಕಸದ ಬುಟ್ಟಿ ಇಣುಕಿ ನೋಡದೆ ಊಟಕ್ಕೆ ಕೂರುವುದಿಲ್ಲ. ಎಸೆಯುವುದು ಎಂಬ ಮಾತೇ ಅವಳಿಗೆ ಆಗದು. ಎಸೆದರೆ ಎಲ್ಲಿಗೆ ಹೋಗುತ್ತೆ ಅಮ್ಮ ಎಂದು ಕೇಳುತ್ತಾಳೆ. ಗುಂಡಿಗೆ ಹೋಗುತ್ತೆ. ಆ ಗುಂಡಿಯ ನೀರನ್ನು ತಾನೇ ಪರೀಕ್ಷೆ ಮಾಡುವುದು ಎನ್ನುತ್ತಾಳೆ. ಹೀಗೆ ತಾಯಿ ಎಸೆಯಬೇಕು ಎನ್ನುವುದು, ಮಗಳು ಕೂಡದು ಎನ್ನುವುದು. ಇಬ್ಬರ ನಡುವೆ ನನ್ನ ಕೋಣೆ ಸುಖವಾಗಿತ್ತು. ನಾನು ಇಬ್ಬರಿಗೂ ಹೂಂ ಎನ್ನುತ್ತಿದ್ದೆ.

ರಾಜಿಯಾದದ್ದು ಒಂದು ಹೂಜಿಯಿಂದ. ಅಡುಗೆಮನೆಯ ಹೂಜಿ ಬಿರುಕು ಬಿಟ್ಟಿತು. ಒಡೆದದ್ದು ಮನೆಯಲ್ಲಿ ಇರಕೂಡದು ಎಂದು ತಾಯಿ, ಅದರಲ್ಲಿ ಮಣ್ಣು ತುಂಬಿ ಗಿಡ ನೆಡುತ್ತೇನೆ ಎಂದು ಮಗಳು ಕಿತ್ತಾಡುತ್ತಿರುವಾಗ ಪರದೆ ಬಂದ. ಅವನು ಸ್ವಲ್ಪ ಹೊತ್ತು ಹೂಜಿಯನ್ನೇ ನೋಡಿದ. ಆಮೇಲೆ, ಬರೀ ಒಡೆದ ಹೂಜಿ ಸತ್ತ ವಸ್ತು, ಅದರೊಳಗೆ ಗಿಡ ಬಂದರೆ ಅದು ಮರದ ಲೆಕ್ಕಕ್ಕೆ ಸೇರುತ್ತೆ, ಮರ ಐದು ಮೂಲತತ್ವಗಳಲ್ಲಿ ಒಂದು, ಬಹಳ ಒಳ್ಳೇದು ಅಂದ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಜೆ ಮೂವರೂ ಊಟದ ಮೇಜಿನ ಸುತ್ತ ಕೂತು ಮಾತಾಡಿದರು. ಗಾಳಿ ಬೇಕು, ಬೆಳಕು ಬೇಕು, ಗಿಡ ಬೇಕು, ಪ್ಲಾಸ್ಟಿಕ್ ಬೇಡ, ಅಡ್ಡಾದಿಡ್ಡಿ ಸಾಮಾನು ಬೇಡ. ಇಬ್ಬರೂ ಇಷ್ಟು ದಿನ ಹೇಳುತ್ತಿದ್ದದ್ದು ಒಂದೇ ಎಂದು ಅವರಿಗೆ ಗೊತ್ತಾಯಿತು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮಗಳು ಅವಳ ಕೈ ಹಿಡಿದುಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕುರಿಯನ್ನು ನಡುವೆ ನಿಲ್ಲಿಸಿಕೊಂಡು ಇಬ್ಬರು ಕಟುಕರು ಕೈ ಕುಲುಕಿದ ಹಾಗಿತ್ತು.

ಊಟ ಮುಗಿಯುವುದರೊಳಗೆ ತೀರ್ಮಾನ ಆಯಿತು. ಮನೆಯನ್ನು ಫೆಂಗ್ ಶುಯಿ ಪ್ರಕಾರ, ಪರಿಸರಕ್ಕೂ ಹೊಂದುವ ಹಾಗೆ ಬದಲಾಯಿಸುವುದು. ಪರದೆ ಇದನ್ನು ಮಾದರಿ ಮನೆ ಎಂದು ತನ್ನ ಗಿರಾಕಿಗಳಿಗೆ ತೋರಿಸುವುದು. ಹಿಂದಿನ ಕೋಣೆಯ ಲೋಹವೆಲ್ಲ ಗುಜರಿಗೆ ಹೋಗುವುದು, ಕರಗಿ ಮತ್ತೆ ಲೋಹವಾಗುವುದು. ಕೋಣೆಯಲ್ಲಿ ಗಿಡಗಳು ಬರುವುದು, ಬಟ್ಟೆ ಒಣಗಿಸುವ ಹಗ್ಗ ಬರುವುದು.

"ನನ್ನ ಮೇಜು?" ಎಂದೆ.

"ಅದರ ಮೇಲೆ ಕುಂಡ ಇಡ್ಬಹುದು ಅಪ್ಪ. ಗಟ್ಟಿಯಾಗಿದೆ," ಎಂದಳು ಮಗಳು.

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೆಳಗಿನ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಹೆಂಡತಿ, ದಿಕ್ಕು ನೋಡಿ ತೀರ್ಮಾನ ಮಾಡೋಣ, ದಿಕ್ಕು ಹೇಳಿದ ಹಾಗೆ ಆಗಲಿ, ಯಾರೂ ಮಾತಾಡಬೇಡಿ ಎಂದಳು. ಒಪ್ಪಿದೆ. ಬೇರೆ ದಾರಿ ಇರಲಿಲ್ಲ.

ನಮ್ಮ ಮನೆಯಲ್ಲಿ ದಿಕ್ಕು ಯಾರಿಗೂ ಗೊತ್ತಿರಲಿಲ್ಲ ಎಂದರೆ ನಗಬೇಡಿ. ನಮ್ಮ ಬೀದಿ ಕಿರಿದು, ಎದುರಿಗೆ ಪೂರ್ತಿ ಗಾಜಿನ ಕಚೇರಿ ಕಟ್ಟಡ. ಸೂರ್ಯ ನಮ್ಮ ಮನೆಗೆ ನೇರವಾಗಿ ಬರುವವನಲ್ಲ. ಗಾಜಿಗೆ ಬಡಿದು, ಅಲ್ಲಿಂದ ಪಕ್ಕದ ನೀರಿನ ಟ್ಯಾಂಕಿಗೆ ಬಡಿದು, ಮೂರನೆಯವರ ಕೈಲಿ ಕಳಿಸಿದ ಸಾಮಾನಿನ ಹಾಗೆ ಯಾವ ಕಿಟಕಿಯಲ್ಲಿ ಬೇಕಾದರೂ ಬಂದು ಬೀಳುತ್ತಾನೆ. ಬೆಳಿಗ್ಗೆಯೂ ಬಿಸಿಲು, ಸಂಜೆಯೂ ಬಿಸಿಲು. ಇನ್ನು ನನ್ನ ಕೆಲಸದಲ್ಲಿ ಇರುವುದು ಎರಡೇ ದಿಕ್ಕು, ಮೇಲೆ ಮತ್ತು ಕೆಳಗೆ.

ಪರದೆ ತನ್ನ ದೊಡ್ಡ ದಿಕ್ಸೂಚಿ ತಂದ. ತಟ್ಟೆಯಷ್ಟು ಅಗಲ, ಸುತ್ತಲೂ ಉಂಗುರ ಉಂಗುರವಾಗಿ ಅಕ್ಷರ, ನಡುವೆ ನಡುಗುವ ಮುಳ್ಳು. ಕೆಲಸದಲ್ಲಿ ಅವನು ಸೋಮಾರಿಯಲ್ಲ, ಅದನ್ನು ಒಪ್ಪುತ್ತೇನೆ. ಮುಂಬಾಗಿಲಲ್ಲಿ ಕಬ್ಬಿಣದ ಗೇಟಿದೆ, ಅಲ್ಲಿ ಮುಳ್ಳು ಸುಳ್ಳು ಹೇಳುತ್ತೆ, ಮನೆಯ ನಟ್ಟನಡುವೆಯೇ ನೋಡಬೇಕು ಎಂದ. ಮನೆಯ ಮೂಲೆಯಿಂದ ಮೂಲೆಗೆ ದಾರ ಎಳೆದ. ದಾರಗಳು ಕೂಡಿದ್ದು ಹಾಲ್‌ನಲ್ಲಿ, ನನ್ನ ಕೋಣೆಯ ಗೋಡೆಗೆ ಅಂಟಿಕೊಂಡ ಹಾಗೆ. ಅಲ್ಲಿ ಮರದ ಸ್ಟೂಲ್ ಇಟ್ಟ. ತನ್ನ ಗಡಿಯಾರ ಬಿಚ್ಚಿಟ್ಟ. ನನ್ನ ಬೆಲ್ಟ್ ಬಿಚ್ಚಿಸಿದ. ಕಿಸೆಯ ಸ್ಕ್ರೂಡ್ರೈವರ್, ಬೀಗದ ಕೈ, ಎಲ್ಲ ದೂರ ಇಡಿಸಿದ. ಸುತ್ತಮುತ್ತ ಒಂದು ಗುಂಡುಸೂಜಿಯೂ ಇಲ್ಲ ಎಂದು ಖಚಿತ ಮಾಡಿಕೊಂಡು ದಿಕ್ಸೂಚಿಯನ್ನು ಸ್ಟೂಲಿನ ಮೇಲೆ ಇಟ್ಟ. ನಾನು ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ನಿಂತಿದ್ದೆ.

ಮುಳ್ಳು ನಿಂತಿತು. ಅವನು ಬಗ್ಗಿ ನೋಡಿದ, ಎದ್ದು ನನ್ನ ಕೋಣೆ ನೋಡಿದ, ಮತ್ತೆ ಬಗ್ಗಿದ. ಮಗಳು ತನ್ನ ಫೋನನ್ನೂ ಪಕ್ಕದಲ್ಲಿಟ್ಟು ನೋಡಿದಳು. ಲ್ಯಾಬಿನವಳು, ಒಂದೇ ಸಲದ ಅಳತೆ ನಂಬುವವಳಲ್ಲ. ಎರಡೂ ಒಂದೇ ಕಡೆ ತೋರಿಸಿದವು.

"ಭಾವ," ಎಂದ ಪರದೆ, ಹಲ್ಲುನೋವು ಬಂದವನ ಹಾಗೆ. "ನಿಮ್ಮ ಕೋಣೆ ವಾಯವ್ಯಕ್ಕೆ ಬಂತು."

"ಬಂದ್ರೆ ಏನಾಗುತ್ತೆ?"

"ಅದು ಲೋಹದ ಮೂಲೆ. ಮನೆ ಯಜಮಾನನ ಮೂಲೆ. ಅಲ್ಲಿ ಕಬ್ಬಿಣ ಎಷ್ಟಿದ್ರೂ ಒಳ್ಳೇದೇ."

ಅವನನ್ನು ಇಪ್ಪತ್ತೈದು ವರ್ಷದಿಂದ ಬಲ್ಲೆ. ಅಂದು ಮೊದಲ ಸಲ ಅವನಿಗೆ ನಾನೇ ಕೈಯಾರೆ ಚಹಾ ಮಾಡಿಕೊಟ್ಟೆ. ಚಹಾ ಕುಡಿಯುವಾಗ ಒಂದು ಅನುಮಾನ ಮಾತ್ರ ಕೇಳಿದೆ. ನಮ್ಮ ಕಟ್ಟಡದ ತಾರಸಿಯಲ್ಲಿ ನಿಂತರೆ ಸೂರ್ಯ ಆ ಕಡೆಯಿಂದ ಹುಟ್ಟುತ್ತಾನೆ ಎಂದು ನನಗೆ ನೆನಪು, ನಿನ್ನ ಮುಳ್ಳು ಈ ಕಡೆ ಪೂರ್ವ ಅನ್ನುತ್ತಲ್ಲ ಎಂದೆ. ಅವನು ಲೋಟ ಕೆಳಗಿಟ್ಟು, "ಸೂರ್ಯಂದು ಹೊರಗಿನ ಲೆಕ್ಕ ಭಾವ. ಮನೇದು ಒಳಗಿನ ಲೆಕ್ಕ. ಮನೆ ಒಳಗೆ ಏನೇನಿದೆ ಎಲ್ಲ ಸೇರಿಸಿ ದಿಕ್ಕು ಆಗೋದು," ಎಂದ. ಕೇಳಿದ್ದೇ ತಪ್ಪಾಯಿತು ಎಂದು ಸುಮ್ಮನಾದೆ. ಲಾಭದಲ್ಲಿರುವವನು ವಾದ ಮಾಡಬಾರದು.

ಮುಂದಿನ ವಾರಗಳಲ್ಲಿ ಮನೆ ತಿರುಗಿತು. ಮಂಚದ ತಲೆ ಇದ್ದ ಗೋಡೆ ಬಿಟ್ಟು ಎದುರು ಗೋಡೆಗೆ ಹೋಯಿತು. ಅದರಿಂದ ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ನನ್ನ ಅಂಗಿಗಳು ತೆರೆಯದ ಅರ್ಧದಲ್ಲಿವೆ. ಮಣ್ಣಿನ ದಿಕ್ಕು ಮುಂಬಾಗಿಲಿಗೆ ಬಂತು, ಆದ್ದರಿಂದ ಎರೆಹುಳುವಿನ ಡಬ್ಬ ಕೊಡೆಗಳ ಪಕ್ಕ ಕೂತಿತು. ತರಕಾರಿ ಸಿಪ್ಪೆಯೆಲ್ಲ ಆ ಹುಳುಗಳಿಗೆ. ನೀರಿನ ದಿಕ್ಕು ಟೀವಿಯ ಹತ್ತಿರ. ಬಟ್ಟೆ ಒಗೆಯುವ ಯಂತ್ರದ ಕೊನೆಯ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು ಅಲ್ಲಿ ಸಾಲಾಗಿ ಇಡುವುದು, ಅದರಿಂದಲೇ ನೆಲ ಒರೆಸುವುದು, ಅದನ್ನೇ ಕಕ್ಕಸಿಗೆ ಸುರಿಯುವುದು. ಸುದ್ದಿ ನೋಡಬೇಕಾದರೆ ಬಕೆಟ್ಟುಗಳ ಮೇಲಿಂದ ನೋಡಬೇಕು. ಗಾಳಿಗೆ ಕಿಣಿಕಿಣಿ ಅನ್ನುವ ಗಂಟೆಯನ್ನು ಪರದೆ ಖಾಲಿ ಡಬ್ಬಿಗಳ ಮುಚ್ಚಳದಿಂದ ಮಾಡಿದ. ಅದು ಕಿಣಿಕಿಣಿ ಅನ್ನುವುದಿಲ್ಲ, ಯಾರೋ ಪಾತ್ರೆ ಬೀಳಿಸಿದ ಹಾಗೆ ಕೇಳುತ್ತದೆ. ಒಂದು ಹಳೇ ಲಿಫ್ಟಿನ ಒಳಗನ್ನಡಿಯನ್ನು ನಾನೇ ಮನಸಾರೆ ಕೊಟ್ಟೆ. ಅದನ್ನು ಊಟದ ಮೇಜಿನ ಎದುರು ಹಾಕಿದರು. ಊಟ ಎರಡರಷ್ಟು ಕಾಣುತ್ತದೆ ಎಂದು ಕಾರಣ ಕೊಟ್ಟರು. ಮಗಳು, ಅನ್ನ ಬಿಟ್ಟು ಏಳುವವರ ಎಂಜಲೂ ಎರಡರಷ್ಟು ಕಾಣುತ್ತದೆ ಎಂದಳು.

ಒಂದು ವಿಷಯ ಹೇಳಲೇಬೇಕು. ಮಂಚ ತಿರುಗಿಸಿದ ಮೇಲೆ ಹೆಂಡತಿಗೆ ನಿದ್ದೆ ಬರತೊಡಗಿತು. ಮೊದಲು ಮಂಚದ ತಲೆಯ ಕಡೆಯ ಗೋಡೆಯ ಆಚೆಗೆ ಪಕ್ಕದ ಮನೆಯವರ ನೀರಿನ ಪಂಪ್ ಇತ್ತು. ಈಗ ತಲೆ ಬೇರೆ ಕಡೆ. ಪಂಪ್ ದೂರವಾದದ್ದಕ್ಕೋ ದಿಕ್ಕಿಗೋ ನಾನು ಕೇಳಲು ಹೋಗಲಿಲ್ಲ. ಅವಳು ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದಳು. ತಾಯಿ ಮಗಳು ಬೆಳಿಗ್ಗೆ ಒಟ್ಟಿಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ನನ್ನ ಕೋಣೆಯಲ್ಲಿ ಬೋರ್ಡು ಬಿಚ್ಚಿಕೊಂಡು ಕೂತಿರುತ್ತಿದ್ದೆ. ಒಬ್ಬರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಮೈ ಹುಷಾರಿಲ್ಲವೇನೋ ಎಂದು ಕೆಳಗಿನ ಮನೆಯವರು ಹೆಂಡತಿಯನ್ನು ಕೇಳಿದರಂತೆ.

ಒಂದು ರಜೆಯ ಬೆಳಿಗ್ಗೆ ನನಗೆ ಸಣ್ಣ ಸ್ಕ್ರೂಗಳನ್ನು ಹಿಡಿದಿಡಲು ಅಯಸ್ಕಾಂತ ಬೇಕಾಯಿತು. ಗೋಡೆಯ ಕಪಾಟಿನಲ್ಲಿ ಒಂದು ಬಿಸ್ಕತ್ ಡಬ್ಬಿ ಇದೆ. ಸುಟ್ಟುಹೋದ ಒಂದು ಲಿಫ್ಟ್ ಮೋಟಾರಿನಿಂದ ಕಿತ್ತ ಅಯಸ್ಕಾಂತದ ಬಿಲ್ಲೆಗಳು ಅದರಲ್ಲಿವೆ. ನೋಡಲು ಚಾಕಲೇಟಿನ ತುಂಡಿನ ಹಾಗೆ, ಆದರೆ ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸಲು ಮರದ ಬೆಣೆ ಬೇಕು, ನಡುವೆ ಬೆರಳು ಸಿಕ್ಕರೆ ಉಗುರು ಕಪ್ಪಾಗುತ್ತದೆ. ಬಿಲ್ಲೆ ಬಿಡಿಸಲು ಡಬ್ಬಿ ಹಿಡಿದು ಅಡುಗೆಮನೆಗೆ ಹೊರಟೆ. ಹಾಲ್‌ನಲ್ಲಿ ಸ್ಟೂಲಿನ ಮೇಲೆ ದಿಕ್ಸೂಚಿ ಇತ್ತು. ಮನೆಗೆ ಹೊಂದಿಕೊಳ್ಳಲಿ ಎಂದು ಪರದೆ ಅದನ್ನು ಅಲ್ಲೇ ಬಿಟ್ಟು ಹೋಗಿದ್ದ. ನಾನು ಅದರ ಪಕ್ಕ ಹಾದು ಹೋದಾಗ ಮುಳ್ಳು ನನ್ನನ್ನೇ ಹಿಂಬಾಲಿಸಿತು. ತಟ್ಟೆ ಹಿಡಿದವನ ಕಡೆ ನಾಯಿ ಕತ್ತು ತಿರುಗಿಸುವುದಿಲ್ಲವೇ, ಹಾಗೆ.

ನಿಂತೆ. ಡಬ್ಬಿಯನ್ನು ಅಡುಗೆಮನೆಯ ಆಚೆ ಕೊನೆಯಲ್ಲಿಟ್ಟು ಬಂದು ನೋಡಿದೆ. ಮುಳ್ಳು ಪೂರ್ತಿ ತಿರುಗಿ ಎದುರು ದಿಕ್ಕಿಗೆ ನಿಂತಿತ್ತು. ಡಬ್ಬಿ ತಂದು ಕಪಾಟಿನಲ್ಲಿ ಅದೇ ಜಾಗದಲ್ಲಿಟ್ಟು ಬಂದು ನೋಡಿದೆ. ಮುಳ್ಳು ಮೊದಲಿನ ಹಾಗೆ. ಆ ಗೋಡೆಯ ಈಚೆ ದಿಕ್ಸೂಚಿ, ಆಚೆ ಡಬ್ಬಿ, ನಡುವೆ ಇರುವುದು ಒಂದು ಇಟ್ಟಿಗೆ.

ಅಂದರೆ ನಮ್ಮ ಉತ್ತರ ದಕ್ಷಿಣ. ಮಂಚ, ಹುಳು, ಬಕೆಟ್ಟು, ಎಲ್ಲ ತಲೆಕೆಳಗು. ನನ್ನ ಕೋಣೆ ವಾಯವ್ಯ ಅಲ್ಲ, ಅದಕ್ಕೆ ನೇರ ಎದುರಿನ ಆಗ್ನೇಯ. ಪರದೆ ಬಿಟ್ಟು ಹೋಗಿದ್ದ ದಿಕ್ಕುಗಳ ಚಿತ್ರದಲ್ಲಿ ಆಗ್ನೇಯ ನೋಡಿದೆ. ಮರದ ಮೂಲೆ. ಗಿಡ ಇರಬೇಕು. ಲೋಹ ಇದ್ದರೆ ಕೊಡಲಿ ಇಟ್ಟ ಹಾಗೆ ಎಂದಿತ್ತು.

ಡಬ್ಬಿಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದೆ, ಒಂದು ಕೂದಲಷ್ಟೂ ಜರುಗಬಾರದೆಂದು. ಯಾರಿಗೂ ಹೇಳಲಿಲ್ಲ. ಸ್ಕ್ರೂಗಳನ್ನು ಬಟ್ಟಲಲ್ಲಿ ಹಾಕಿಕೊಂಡೆ.

ಅಷ್ಟರಲ್ಲಿ ಮಗಳ ಲ್ಯಾಬಿನವರು ಹಳೇ ವಿದ್ಯುತ್ ಸಾಮಾನು ಕೂಡಿಸುವ ಕೆಲಸ ಶುರು ಮಾಡಿದರು. ಅವಳು ಒಂದು ರಟ್ಟಿನ ಪೆಟ್ಟಿಗೆ ತಂದು ಮುಂಬಾಗಿಲ ಹತ್ತಿರ ಇಟ್ಟು, ಕೆಟ್ಟ ಚಾರ್ಜರು, ಸತ್ತ ಬ್ಯಾಟರಿ ಎಲ್ಲ ತುಂಬತೊಡಗಿದಳು. ನನ್ನ ಕೋಣೆಗೂ ಬಂದಳು. ಬಳಸದೆ ಬಿದ್ದಿರುವುದು ಏನಾದರೂ ಇದ್ದರೆ ಕೊಡಪ್ಪ ಎಂದಳು. ಸುಟ್ಟ ತಂತಿ ಕೊಟ್ಟೆ, ಒಡೆದ ಗುಂಡಿಗಳ ಫಲಕ ಕೊಟ್ಟೆ. ಅವಳು ಬಿಸ್ಕತ್ ಡಬ್ಬಿ ಅಲ್ಲಾಡಿಸಲು ನೋಡಿದಳು. ಬಳಕೆಯಲ್ಲಿರುವುದು ಕಸ ಅಲ್ಲ, ಬಳಕೆಯಲ್ಲಿ ಇಲ್ಲದ್ದು ಮಾತ್ರ ಕಸ, ಇದು ಬಳಕೆಯಲ್ಲಿ ಇದೆಯಾ ಎಂದು ಕೇಳಿದಳು. ಇಂಥ ಅಯಸ್ಕಾಂತಕ್ಕೆ ಬೇಕಾದ ಲೋಹ ಅಗೆಯಲು ಎಲ್ಲೋ ಬೆಟ್ಟಗಳನ್ನೇ ಕರಗಿಸುತ್ತಾರಂತೆ.

"ಮುಟ್ಟಿದ್ರೆ ಕೈ ಮುರಿತೀನಿ," ಎಂದೆ.

ಧ್ವನಿ ಹಳೇ ಎತ್ತರಕ್ಕೆ ಹೋಗಿತ್ತು. ಮಗಳು ಹೊರಟುಹೋದಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕನ್ನಡಿ ಕೊಟ್ಟಾಗ, ತಂತಿ ಕೊಟ್ಟಾಗ ಸುಮ್ಮನಿದ್ದವನು ಒಂದು ಬಿಸ್ಕತ್ ಡಬ್ಬಿಗೆ ಹೀಗೆ ಹಾರಿಬಿದ್ದದ್ದನ್ನು ಅವಳು ನೋಡಿದಳು. ಡಬ್ಬಿ ನೋಡಿದಳು, ಅದರ ಸುತ್ತ ಎಳೆದ ಗೆರೆ ನೋಡಿದಳು, ಆಮೇಲೆ ಗೋಡೆ ನೋಡಿದಳು. ಬಂದು ಊಟ ಮಾಡಿ ಎಂದಳು.

ಪರದೆಯ ಮೊದಲ ಗಿರಾಕಿಗಳು ಬಂದದ್ದು ಒಂದು ಭಾನುವಾರ. ಹಲ್ಲಿನ ಡಾಕ್ಟರಮ್ಮ ಮತ್ತು ಅವರ ಗಂಡ. ಗಂಡನದು ಟೈಲ್ಸ್ ವ್ಯಾಪಾರ. ಅವನ ಪರದೆ ಅಂಗಡಿ ಹೇಗೆ ನಡೆಯುತ್ತಿದೆ ಎಂದು ನಾನು ಕೇಳಿದವನಲ್ಲ, ಆದರೆ ಆ ವಾರ ಅವನು ನಮ್ಮ ಮನೆಗೆ ದಿನಾ ಬಂದು ಗಿಡಗಳ ಎಲೆ ಒರೆಸಿ ಹೋಗುತ್ತಿದ್ದ. ಇವರು ಒಪ್ಪಿದರೆ ಇನ್ನೂ ನಾಲ್ಕು ಮನೆ ಸಿಗುತ್ತೆ ಅಕ್ಕ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದನಂತೆ.

ನಾನು ಮನೆಯಲ್ಲಿರಲಿಲ್ಲ. ಬೆಳಿಗ್ಗೆಯೇ ಒಂದು ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು ಒಬ್ಬಾತ ಹಾಸಿಗೆ ಸಮೇತ ಒಳಗೆ ಸಿಕ್ಕಿಕೊಂಡಿದ್ದ. ಅವನನ್ನು ಇಳಿಸಿ, ಹಾಸಿಗೆಯನ್ನೂ ಇಳಿಸಿ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ವಾಪಸು ಬಂದಾಗ ಅವರು ಹಾಲ್‌ನಲ್ಲಿದ್ದರು. ಪರದೆ ದಾರ ಎಳೆಯುತ್ತಿದ್ದ. ಎಲ್ಲರ ಬೆಲ್ಟು ಗಡಿಯಾರ ಆಗಲೇ ಮೇಜಿನ ಮೇಲೆ ಬಿದ್ದಿದ್ದವು. ನಾನು ತಲೆ ಆಡಿಸಿ ನನ್ನ ಕೋಣೆಗೆ ಹೋದೆ. ಕೈಚೀಲ ಕೆಳಗಿಟ್ಟು ಕಪಾಟು ನೋಡಿದೆ. ಪೆನ್ಸಿಲ್ ಗೆರೆ ಇತ್ತು. ಡಬ್ಬಿ ಇರಲಿಲ್ಲ.

ಹೊರಗೆ ಮಾತು ನಿಂತಿತು.

ನಾನು ಬಾಗಿಲಿಗೆ ಬಂದೆ. ಪರದೆ ಸ್ಟೂಲಿನ ಮೇಲೆ ಬಗ್ಗಿದ್ದ. ಬಗ್ಗಿದವನು ಏಳಲೇ ಇಲ್ಲ. ಅವನು ಆಗಲೇ ಗಿರಾಕಿಗಳಿಗೆ ಮನೆಯೆಲ್ಲ ತೋರಿಸಿದ್ದ. ಇದು ಉತ್ತರ, ಇಲ್ಲಿ ನೀರು, ಇದು ನೈಋತ್ಯ, ಇಲ್ಲಿ ಮಣ್ಣು ಎಂದು ಬಕೆಟ್ಟು, ಹುಳು ಎಲ್ಲ ವಿವರಿಸಿ, ಕೊನೆಗೆ ಈಗ ನೀವೇ ಕಣ್ಣಾರೆ ನೋಡಿ ಎಂದು ದಿಕ್ಸೂಚಿ ಇಟ್ಟಿದ್ದ. ಟೈಲ್ಸ್‌ನವನು ಬಗ್ಗಿ ನೋಡಿದ. ಉತ್ತರ ಎಂದು ತೋರಿಸಿದ ಬಕೆಟ್ಟುಗಳ ಕಡೆ ಮುಳ್ಳಿನ ಬಾಲ ಇತ್ತು.

"ಏನು ಸ್ವಾಮಿ, ನಾವು ಬರ್ತೀವಿ ಅಂತ ಭೂಮಿ ತಿರುಗಿಬಿಡ್ತಾ?" ಎಂದು ಅವನು ತನ್ನ ಹೆಂಡತಿಯ ಕಡೆ ನೋಡಿ ನಕ್ಕ. "ಪರದೆ ಮಾರೋರು ಪರದೆ ಮಾರ್ಬೇಕು. ಹುಳ ತೋರಿಸೋಕೆ ನಮ್ಮನ್ನ ಇಷ್ಟು ಮೆಟ್ಟಿಲು ಹತ್ತಿಸಿದ್ರಲ್ಲ."

ಪರದೆ ದಿಕ್ಸೂಚಿ ತಟ್ಟಿದ. ಅಲ್ಲಾಡಿಸಿದ. ಅವನ ಕಿವಿಗಳು ಕೆಂಪಾಗಿದ್ದವು. ನನ್ನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ತಮ್ಮನನ್ನೇ ನೋಡುತ್ತಿದ್ದಳು. ಮಗಳು ಫೋನ್ ತೆಗೆದು ಪಕ್ಕದಲ್ಲಿಟ್ಟಳು. ಫೋನೂ ಹಾಗೇ ಹೇಳಿತು.

ನಾನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಾಗಿತ್ತು. ದಿಕ್ಸೂಚಿ ಕೆಟ್ಟಿದೆ ಅನ್ನುತ್ತಿದ್ದರು, ಫೆಂಗ್ ಶುಯಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಕೋಣೆಯ ಸುದ್ದಿಗೆ ಯಾರೂ ಬರುತ್ತಿರಲಿಲ್ಲ. ಇದು ನನಗೆ ಆಗಲೇ ಹೊಳೆದಿತ್ತು. ಆದರೆ ಟೈಲ್ಸ್‌ನವನು ಇನ್ನೊಂದು ಸಲ ನಕ್ಕ. ಪರದೆಯನ್ನು ದಡ್ಡ ಎಂದು ಕರೆಯುವ ಹಕ್ಕು ನನ್ನದು. ಅವನ ಅಕ್ಕನನ್ನು ಮದುವೆಯಾಗಿ ಸಂಪಾದಿಸಿದ ಹಕ್ಕು. ದಾರಿಯಲ್ಲಿ ಹೋಗುವವನು ಬಂದು ನನ್ನ ಮನೆಯಲ್ಲಿ ನಿಂತು ಅದನ್ನು ಬಳಸುವುದು ಅಂದರೆ ಏನು?

ಮುಂಬಾಗಿಲಿಗೆ ಹೋದೆ. ರಟ್ಟಿನ ಪೆಟ್ಟಿಗೆಯಲ್ಲಿ ಚಾರ್ಜರುಗಳ ಕೆಳಗೆ ಡಬ್ಬಿ ಇತ್ತು. ಮಗಳು ತಲೆ ತಗ್ಗಿಸಿದಳು. ನಾನು ಅದನ್ನು ತಂದು ಸ್ಟೂಲಿನ ಸುತ್ತ ಒಂದು ಸುತ್ತು ಬಂದೆ. ಮುಳ್ಳೂ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂದೆ. ಟೈಲ್ಸ್‌ನವನ ನಗು ನಿಂತಿತು.

"ದಿಕ್ಸೂಚಿ ಸರಿ ಇದೆ," ಎಂದೆ. "ಇವನೂ ಸರಿಯಾಗೇ ನೋಡಿದ್ದ. ತಪ್ಪು ಈ ಡಬ್ಬಿದು. ಡಬ್ಬಿ ನಂದು. ಅವತ್ತು ಇದು ಗೋಡೆ ಆಚೆ ಇತ್ತು, ಇವತ್ತು ಇಲ್ಲ. ಇನ್ನೇನಾದ್ರೂ ನಗೋದಿದ್ರೆ ನನ್ನ ನೋಡಿ ನಗಿ."

ಅವನಿಗೆ ನಗಬೇಕು ಅನ್ನಿಸಲಿಲ್ಲ. ಗ್ರೀಸ್ ಮೆತ್ತಿದ ಕೈಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಸರಿದದ್ದು ಬಕೆಟ್ಟಿಗೆ.

ಪರದೆ ನಿಧಾನವಾಗಿ ಎದ್ದು ನಿಂತ. ಮುಖಕ್ಕೆ ಕಳೆ ವಾಪಸು ಬಂತು. ಅವನು ನನ್ನ ಕೈ ಹಿಡಿದುಕೊಳ್ಳುತ್ತಾನೆ, ಭಾವ ಎಂದು ಕಣ್ಣೀರು ಹಾಕುತ್ತಾನೆ ಎಂದುಕೊಂಡೆ. ಅವನು ಚಿತ್ರ ತೆಗೆದು ತಿರುಗಿಸಿ ಹಿಡಿದ.

"ಹಾಗಾದ್ರೆ ಹಿಂದಿನ ಕೋಣೆ ಆಗ್ನೇಯ," ಎಂದ. "ಮರದ ಮೂಲೆ. ಅಲ್ಲಿ ಲೋಹ ಇರ್ಲೇಬಾರ್ದು ಭಾವ."

ನಾನು ಅವನನ್ನು ನೋಡಿದೆ. ಇಪ್ಪತ್ತೈದು ವರ್ಷದಿಂದ ನಾನು ಅವನನ್ನು ಬೈದು ಕರೆದದ್ದರಲ್ಲಿ ಒಂದೂ ಹೆಚ್ಚಾಗಿರಲಿಲ್ಲ ಎನ್ನಿಸಿತು. ಮಗಳು, ಹಗ್ಗ ಕಟ್ಟುವ ಮೊಳೆಗಳು ಆಗಲೇ ತನ್ನ ಹತ್ತಿರ ಇವೆ ಎಂದು ಮೆಲ್ಲಗೆ ಹೇಳಿದಳು. ದಿಕ್ಕು ಹೇಳಿದ ಹಾಗೆ ಆಗಲಿ ಎಂದು ಒಪ್ಪಿದವನು ನಾನೇ. ಮೇಜನ್ನು ಎಲ್ಲಿಗೆ ಸಾಗಿಸುವುದು, ತಾರಸಿಯಲ್ಲಿ ತಗಡು ಹಾಕಿದರೆ ನಡೆಯುತ್ತದೆಯೇ ಎಂದು ಲೆಕ್ಕ ಹಾಕುತ್ತಾ ನಿಂತೆ. ತಾರಸಿಯಲ್ಲಿ ಬಿಸಿಲಿಗೆ ಬೋರ್ಡುಗಳು ಬೆಂದುಹೋಗುತ್ತವೆ.

ಆಗ ನನ್ನ ಹೆಂಡತಿ ತಮ್ಮನನ್ನು ಕೇಳಿದಳು, "ಮಂಚ ಮತ್ತೆ ತಿರುಗಿಸ್ಬೇಕಾ?"

"ಹೌದಕ್ಕ."

"ತಲೆ ಮೊದ್ಲಿದ್ದ ಕಡೆಗೇ?"

"ಹೌದು. ಹುಳದ ಡಬ್ಬ, ಬಕೆಟ್ಟು, ಎಲ್ಲ ಈ ಕಡೆದು ಆ ಕಡೆ ಆಗ್ಬೇಕು."

ಅವಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಹಿಂದಿನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇದ್ದದ್ದರಿಂದ ನನಗೆ ಕಾಣುತ್ತಿತ್ತು. ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಬಗ್ಗಿ ನೋಡಿ, ಪೆನ್ಸಿಲ್ ಗೆರೆಗೆ ಸರಿಯಾಗಿ ಕೂರುವ ಹಾಗೆ ಒಂದು ಬೆರಳಿನಿಂದ ತಳ್ಳಿದಳು. ಹೊರಗೆ ಬಂದಳು.

"ಈಗ ನೋಡು," ಎಂದಳು.

ಪರದೆ ಬಗ್ಗಿದ. "ಅಕ್ಕ, ಇದು..."

"ನೋಡಿ ಹೇಳು. ಹಿಂದಿನ ಕೋಣೆ ಯಾವುದು?"

"ವಾಯವ್ಯ."

"ಸರಿ ಹಾಗಾದ್ರೆ."

ಅಮ್ಮ, ಅದು ಡಬ್ಬಿ ತೋರಿಸ್ತಿರೋ ದಿಕ್ಕು, ನಿಜವಾದ ದಿಕ್ಕಲ್ಲ ಎಂದಳು ಮಗಳು.

"ಡಬ್ಬಿ ಈ ಮನೇದಲ್ವಾ? ಮನೆ ಒಳಗೆ ಇರೋದೆಲ್ಲ ಸೇರಿಸಿ ದಿಕ್ಕು ಆಗೋದು ಅಂತ ನಿನ್ನ ಮಾವಾನೇ ಹೇಳಿದ್ದು. ಬಳಕೇಲಿರೋದು ಕಸ ಅಲ್ಲ ಅಂತ ನೀನು ಹೇಳಿದ್ದು. ಡಬ್ಬಿ ಬಳಕೇಲಿದೆ." ಅವಳು ಸೆರಗು ಸರಿಮಾಡಿಕೊಂಡಳು. "ಇಷ್ಟು ವರ್ಷಕ್ಕೆ ನಾನು ನಿದ್ದೆ ಮಾಡ್ತಿದೀನಿ. ಆ ಮಂಚ ಯಾರಾದ್ರೂ ಮುಟ್ಟಿದ್ರೆ ನಿಮ್ಮಪ್ಪ ಮುರಿಯೋದು ಕೈ ಮಾತ್ರ. ನಾನು ಅಷ್ಟಕ್ಕೆ ಬಿಡಲ್ಲ."

ಮಗಳು, ಕರಗಿಸುವುದಕ್ಕಿಂತ ಇದ್ದ ಹಾಗೇ ಬಳಸುವುದೇ ಮೇಲು, ವಿದ್ಯುತ್ತೂ ಉಳಿಯುತ್ತೆ ಎಂದು ಒಪ್ಪಿಕೊಂಡಳು. ಪರದೆ ಚಿತ್ರವನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಿ ಮಡಚಿದ.

ಗಿರಾಕಿಗಳು ಹೊರಟರು. ಟೈಲ್ಸ್‌ನವನು ಒದ್ದೆ ಪ್ಯಾಂಟಿನಲ್ಲಿ ಮೆಟ್ಟಿಲು ಇಳಿದ. ಡಾಕ್ಟರಮ್ಮ ಹಿಂದೆ ಉಳಿದರು. ಇಷ್ಟು ಹೊತ್ತು ಅವರು ಬಾಯಿ ಬಿಟ್ಟಿರಲಿಲ್ಲ. ಈಗ ಪರದೆಯನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯಲ್ಲಿ ಕಕ್ಕಸು ಸಂಪತ್ತಿನ ಮೂಲೆಗೆ ಬಂದಿದೆ, ಒಡೆಸೋಕೆ ಇವರು ಒಪ್ಪುತ್ತಿಲ್ಲ, ಅಂಥದೊಂದು ಡಬ್ಬಿ ಇಟ್ಟರೆ ಅದು ಬೇರೆ ಕಡೆ ಹೋಗುತ್ತಾ ಎಂದು ಕೇಳಿದರು. ಪರದೆ ನನ್ನ ಕಡೆ ನೋಡಿದ. ನಾನು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಬಂದಳು. ಸುತ್ತಿಗೆ, ಮೊಳೆ, ಹಗ್ಗ ತಂದಿದ್ದಳು. ಕೇಳಲಿಲ್ಲ. ಮೇಜಿನ ಮೇಲೆ ಹತ್ತಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟತೊಡಗಿದಳು. ನಾನು ಮೇಜು ಹಿಡಿದುಕೊಂಡಿದ್ದೆ.

"ಯಾವಾಗಿಂದ ಗೊತ್ತಿತ್ತು ನಿಮ್ಗೆ?" ಎಂದಳು, ಬಾಯಲ್ಲಿ ಮೊಳೆ ಇಟ್ಟುಕೊಂಡೇ.

"ನಿಂಗೆ ಯಾವಾಗಿಂದ?"

ಅವಳು ಮೊಳೆ ಹೊಡೆದಳು.

ಈಗ ನಾನು ಒದ್ದೆ ಹಾಸಿಗೆ ಬಟ್ಟೆಗಳ ಕೆಳಗೆ ಕೂತು ಬೋರ್ಡು ರಿಪೇರಿ ಮಾಡುತ್ತೇನೆ. ತಲೆ ಎತ್ತಿದರೆ ದಿಂಬಿನ ಕವರು ಮುಖಕ್ಕೆ ತಾಗುತ್ತದೆ. ಕೆಲಸ ನಡೆಯುತ್ತದೆ. ಡಬ್ಬಿಗೆ ಪರದೆ ಕೆಂಪು ರಿಬ್ಬನ್ ಕಟ್ಟಿ ಹೋಗಿದ್ದಾನೆ. ನಿನ್ನೆ ಫೋನ್ ಮಾಡಿ, ಡಾಕ್ಟರಮ್ಮನ ಕಕ್ಕಸನ್ನು ಸರಿಸಲು ಎಷ್ಟು ಬಿಲ್ಲೆ ಬೇಕಾಗಬಹುದು ಭಾವ ಎಂದು ಕೇಳಿದ. ಮನೆ ನೋಡದೆ ಹೇಳಲು ಬರುವುದಿಲ್ಲ ಎಂದೆ.